ಮೊದಲು ಗೂಟ, ಆಮೇಲೆ ಪೆಗ್

ಮನೆಯಲ್ಲಿ ಬಾರ್ ಮಾಡೋದು ಹೇಗೆ ಅಂತ ಮೊಬೈಲಿನಲ್ಲಿ ಹುಡುಕಿದರೆ ಸಿಗುವ ಚಿತ್ರಗಳೆಲ್ಲ ಒಂದೇ ತರಹ ಇರುತ್ತವೆ. ಕರೀ ಗ್ರಾನೈಟಿನ ಕಟ್ಟೆ, ಅದರ ಕೆಳಗೆ ನೀಲಿ ಲೈಟು, ಹಿಂದೆ ಗಾಜಿನ ಶೆಲ್ಫಿನಲ್ಲಿ ಸಾಲಾಗಿ ಬಾಟಲಿ, ಮುಂದೆ ಗಿರಗಿರ ತಿರುಗುವ ಎತ್ತರದ ಸ್ಟೂಲು. ಆ ಚಿತ್ರಗಳಲ್ಲಿ ಮನುಷ್ಯರೇ ಇರೋದಿಲ್ಲ. ಅವ್ವ ಇಲ್ಲ, ಮುತ್ಯಾ ಇಲ್ಲ, ಹೋಮ್‌ವರ್ಕ್ ಪುಸ್ತಕ ಹಿಡಕೊಂಡು ಓಡಾಡುವ ಸಣ್ಣ ಹುಡುಗರಿಲ್ಲ, ಮೇ ತಿಂಗಳ ಬಿಸಿಲೂ ಇಲ್ಲ. ನಮಗೆ ಬೇಕಾಗಿದ್ದದ್ದು ಇವೆಲ್ಲ ಇರುವ ಒಂದು ಮನೆಗೆ ಬಾರಿನ ಸಾಮಾನು. ಅದೂ ಸೇಡಂನಲ್ಲಿ.

ನಾವು ಅಂದರೆ ಐದು ಜನ. ಕ್ಯಾಂಪಸ್ಸಿನಲ್ಲಿ ನಮ್ಮ ಹೆಸರು ಯಾರಿಗೂ ನೆನಪಿರೋದಿಲ್ಲ, ಊರಿನ ಹೆಸರಿನಿಂದಲೇ ಕರೀತಾರೆ: ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ. ಮೂವರು ಸಿವಿಲ್, ವಾಡಿ ಮೆಕ್ಯಾನಿಕಲ್, ಚಿಂಚೋಳಿ ಕಂಪ್ಯೂಟರ್ ಸೈನ್ಸ್. ಚಿಂಚೋಳಿ ನಮ್ಮೊಳಗಿನ ಒಬ್ಬಳೇ ಹುಡುಗಿ. ನಮ್ಮಲ್ಲಿ ಯಾರು ಕುಡೀತಾರ, ಯಾರು ಕುಡಿಯೋದಿಲ್ಲ ಅಂತ ಕೇಳಬ್ಯಾಡ್ರಿ. ಈ ಪತ್ರಿಕೆಯನ್ನು ಹೆಚ್‌ಓಡಿ ಸರ್ ಕೂಡ ಓದ್ತಾರ.

ಸೇಡಂನ ಅಣ್ಣನಿಗೆ ಎರಡು ಲಾರಿ ಇವೆ, ಸಿಮೆಂಟಿನ ಲೋಡು ಹೊಡೀತಾನೆ. ಹೋದ ವರ್ಷ ಹೊಸ ಮನೆ ಕಟ್ಟಿಸಿದ. ಹಾಲಿನ ಹಿಂದೆ, ಮೆಟ್ಟಿಲಿನ ಪಕ್ಕಕ್ಕೆ, 10 ಫೂಟು ಉದ್ದ 8 ಫೂಟು ಅಗಲದ ಒಂದು ಕೋಣೆ ಉಳಿಯಿತು. ಸೆಮಿಸ್ಟರ್ ರಜೆಗೆ ನಾವೆಲ್ಲ ಅವನ ಮನೆಗೆ ಊಟಕ್ಕೆ ಹೋದಾಗ ಅಣ್ಣ ಹೇಳಿದ: "ನೀವು ಐದು ಮಂದಿ ಇಂಜಿನಿಯರಿಂಗ್ ಓದ್ಲಾಕತ್ತೀರಿ. ಇಲ್ಲೊಂದು ಬಾರ್ ಮಾಡಬೇಕಂತ ಮಾಡೀನಿ. ಡ್ರಾಯಿಂಗ್ ಹಾಕ್ರಿ, ಸಾಮಾನು ಆರಿಸ್ರಿ. 60,000 ರೂಪಾಯಿ ಕೊಡ್ತೀನಿ. ಅದರ ಮ್ಯಾಲ ಒಂದು ರೂಪಾಯಿ ಹೆಚ್ಚಿಗಿ ಇಲ್ಲ."

ರೊಟ್ಟಿ ಬಡಿಯುತ್ತಿದ್ದ ಅವ್ವನ ಕೈ ನಿಂತಿತು. ಅವ್ವ ಏನೂ ಅನ್ನಲಿಲ್ಲ. ಮತ್ತೆ ಬಡಿಯಲಿಕ್ಕೆ ಶುರು ಮಾಡಿದಳು, ಸ್ವಲ್ಪ ಜೋರಾಗಿ.

ಆ ಮನೆಯ ವಿಷಯ ನಮಗೆ ಗೊತ್ತಿತ್ತು. ಸೇಡಂನ ಅಪ್ಪ ತೀರಿಕೊಂಡದ್ದು ಆರು ವರ್ಷದ ಹಿಂದೆ, ರಾತ್ರಿ, ರಸ್ತೆಯಲ್ಲಿ. ಹೊರಗೆ ಕುಡಿದು ಬೈಕ್ ಮೇಲೆ ಮನೆಗೆ ಬರುತ್ತಿದ್ದರು. ಮನೆಗೆ ಇನ್ನು ನಾಲ್ಕು ಕಿಲೋಮೀಟರ್ ಇತ್ತು. ಅವತ್ತಿನಿಂದ ಅಣ್ಣ ಕಾಲೇಜು ಬಿಟ್ಟು ಲಾರಿ ಹತ್ತಿದ. ಹಾಗಾಗಿ ಬಾರ್ ಅನ್ನೋ ಶಬ್ದ ಆ ಮನೆಯಲ್ಲಿ ಬೇರೆ ಮನೆಗಳಲ್ಲಿ ಇದ್ದಂಗೆ ಇರಲಿಲ್ಲ.

ಮರುದಿನ ಅವ್ವ ನಮ್ಮನ್ನ ಅಡುಗೆಮನೆಗೆ ಕರೆದಳು. "ಅದು ಮನಿ ಒಳಗ ಬರಬಾರದು ಅಂತ ನಾ ಅವರಪ್ಪಗ ಹೇಳಿದ್ದೆ. ಹೊರಗ ಕುಡದು ಬರ್ಲಿ, ಮನ್ಯಾಗ ಬ್ಯಾಡ ಅಂದಿದ್ದೆ. ಈಗ ಮಗ ಮನ್ಯಾಗೇ ಕಟ್ಟಿ ಕಟ್ಟಸ್ತೀನಿ ಅಂತಾನ." ಅಣ್ಣನದು ಅದಕ್ಕೆ ತದ್ವಿರುದ್ಧ ವಾದ: "ಹೊರಗ ಕುಡಿ ಅಂದಿದ್ದಕ್ಕೇ ಅಪ್ಪ ರಸ್ತಾದಾಗ ಹೋದ. ನಾ ತಿಂಗಳಿಗೆ ಎರಡು ಸಲ ಗೆಳೆಯಾರ ಜೋಡಿ ಕೂಡ್ತೀನಿ. ಅದು ಮನ್ಯಾಗ ಆಗ್ಲಿ. ಗಾಡಿ ಹೊಡಿಯೋದು ಇರಂಗಿಲ್ಲ."

ಇಬ್ಬರ ಮಾತಿನಲ್ಲೂ ನಮಗೆ ತಪ್ಪು ಕಾಣಲಿಲ್ಲ. ನಾವು ಆರಿಸೋ ಕುರ್ಚಿ, ಕಟ್ಟೆ, ಕಪಾಟು ಈ ಇಬ್ಬರ ಮಾತಿನ ನಡುವೆ ಎಲ್ಲೋ ಕೂಡಬೇಕಾಗಿತ್ತು. ವೈನಿ, ಅಂದರೆ ಅಣ್ಣನ ಹೆಂಡತಿ, ಒಂದೇ ಪ್ರಶ್ನೆ ಕೇಳಿದಳು: "ಗ್ಲಾಸು ಯಾರು ತೊಳೀತಾರ?" ಅದನ್ನ ಚಿಂಚೋಳಿ ತನ್ನ ನೋಟ್‌ಬುಕ್ಕಿನಲ್ಲಿ ಎಲ್ಲದಕ್ಕಿಂತ ಮೇಲೆ ಬರೆದುಕೊಂಡಳು.

ಎತ್ತರದ ಲೆಕ್ಕ

ಯಾವುದೇ ಬಾರಿನ ಸಾಮಾನು ಆರಿಸುವಾಗ ಮೊದಲು ತೀರ್ಮಾನ ಆಗಬೇಕಾದ್ದು ಎತ್ತರ. ಮೂರು ಅಳತೆ ಚಾಲ್ತಿಯಲ್ಲಿವೆ. ಊಟದ ಟೇಬಲ್ಲು 30 ಇಂಚು, ಅದಕ್ಕೆ 18 ಇಂಚಿನ ಕುರ್ಚಿ. ಅಡುಗೆಮನೆಯ ಕಟ್ಟೆ 36 ಇಂಚು, ಅದಕ್ಕೆ 24ರಿಂದ 26 ಇಂಚಿನ ಸ್ಟೂಲು. ಹೋಟೆಲಿನ ಬಾರ್ ಕಟ್ಟೆ 42 ಇಂಚು, ಅದಕ್ಕೆ 30ರಿಂದ 32 ಇಂಚಿನ ಸ್ಟೂಲು. ಸೀಟಿಗೂ ಕಟ್ಟೆಗೂ ನಡುವೆ 10ರಿಂದ 12 ಇಂಚು ಅಂತರ ಇರಬೇಕು. ಇಲ್ಲದಿದ್ದರೆ ತೊಡೆ ತಾಗುತ್ತದೆ, ಇಲ್ಲವೇ ಭುಜ ಎತ್ತಿಕೊಂಡು ಕೂಡಬೇಕಾಗುತ್ತದೆ. ಒಬ್ಬೊಬ್ಬರಿಗೆ ಕಟ್ಟೆಯ ಉದ್ದದಲ್ಲಿ ಕನಿಷ್ಠ 2 ಫೂಟು ಬೇಕು.

42 ಇಂಚು ಯಾಕೆ ಅಂದರೆ ಹೋಟೆಲಿನಲ್ಲಿ ಒಳಗೆ ನಿಂತವನ ಕಣ್ಣು, ಹೊರಗೆ ಕುಂತವನ ಕಣ್ಣು ಹೆಚ್ಚುಕಡಿಮೆ ಒಂದೇ ಮಟ್ಟಕ್ಕೆ ಬರಬೇಕು. ಗಿರಾಕಿ ನಿಂತೂ ಕುಡೀಬಹುದು. ಮನೆಯಲ್ಲಿ ಅದರ ಅಗತ್ಯ ಏನು? ಅಣ್ಣನಿಗೆ ಮಾತ್ರ 42 ಇಂಚಿನದೇ ಬೇಕಿತ್ತು, 'ಬಾರ್ ಲುಕ್' ಬರಬೇಕಲ್ಲ. ಹಾಗಾಗಿ ನಾವು ಸಿಮೆಂಟ್ ಇಟ್ಟಿಗೆ ಪೇರಿಸಿ, ಮೇಲೆ ಪ್ಲೈವುಡ್ ಹಾಕಿ, ಮೂರು ಎತ್ತರದ ಕಟ್ಟೆಯನ್ನೂ ಅದೇ ಕೋಣೆಯಲ್ಲಿ ಮಾಡಿ ತೋರಿಸಿದೆವು. ಇದು ನಿಮಗೂ ಹೇಳುವ ಮಾತು: ಕೊಳ್ಳುವ ಮೊದಲು ಇಟ್ಟಿಗೆಯಲ್ಲಿ ಕಟ್ಟಿ ನೋಡಿ. ರೊಕ್ಕ ಖರ್ಚಿಲ್ಲ.

42 ಇಂಚಿನ ಕಟ್ಟೆಗೆ ಮುತ್ಯಾನನ್ನು ಕರೆದೆವು. ಮುತ್ಯಾ ಕಟ್ಟೆ ನೋಡಿದ, ಬಾಡಿಗೆಗೆ ತಂದಿದ್ದ ಎತ್ತರದ ಸ್ಟೂಲು ನೋಡಿದ, ನಮ್ಮನ್ನ ನೋಡಿದ. "ಇದರ ಮ್ಯಾಲ ಹತ್ತಲಾಕ ನಿಚ್ಚಣಕಿ ಎಲ್ಲಿ?" ಅಂದ. ಅಷ್ಟಕ್ಕೆ ಒಂದು ವಿಷಯ ಸ್ಪಷ್ಟ ಆಯಿತು. ಎತ್ತರದ ಕಟ್ಟೆ ಇಟ್ಟರೆ ಆ ಕೋಣೆಯಲ್ಲಿ ಹಿರಿಯರು ಕೂಡೋದಿಲ್ಲ. ಹಿರಿಯರು ಕೂಡದ ಕೋಣೆಯಲ್ಲಿ ಎರಡನೇ ಪೆಗ್ಗಿನ ನಂತರ ಸಾಕು ಅನ್ನುವವರು ಯಾರು?

ಕಲಬುರಗಿಯ ಒಂದು ಶೋರೂಮಿಗೂ ಹೋಗಿದ್ದೆವು. ಅಲ್ಲಿದ್ದ ಸ್ಟೂಲುಗಳಲ್ಲಿ ಹೆಚ್ಚಿನವು ಒಂದೇ ಕಂಬ, ಕೆಳಗೆ ದುಂಡನೆಯ ತಟ್ಟೆ, ಗ್ಯಾಸಿನಿಂದ ಮೇಲೆ ಕೆಳಗೆ ಆಗುವಂಥವು. ವಾಡಿ ಅಲ್ಲೇ ಟೇಪ್ ಹಿಡಿದ. ತಟ್ಟೆಯ ವ್ಯಾಸ 15 ಇಂಚು, ಸೀಟಿನ ಎತ್ತರ 30. ಕುಂತ ಮನುಷ್ಯನ ಗುರುತ್ವ ಕೇಂದ್ರ ಸೀಟಿಗಿಂತ ಸುಮಾರು 10 ಇಂಚು ಮೇಲೆ ಅಂತ ಹಿಡಿದರೆ ನೆಲದಿಂದ 40 ಇಂಚು ಆಯಿತು. ತಟ್ಟೆಯ ಅರ್ಧ 7.5 ಇಂಚು. 7.5 ಭಾಗಿಸು 40, ಅದರ ಟ್ಯಾನ್ ಇನ್ವರ್ಸ್ 10.6 ಡಿಗ್ರಿ. ಅಂದರೆ ಇಡೀ ಸ್ಟೂಲು ಸುಮಾರು 11 ಡಿಗ್ರಿ ವಾಲಿದರೆ ಮನುಷ್ಯ ನೆಲಕ್ಕೆ. ಅದೇ 18 ಇಂಚಿನ ಸಾದಾ ಕುರ್ಚಿಗೆ, ಕಾಲಿನಿಂದ ಕಾಲಿಗೆ 18 ಇಂಚು ಅಂತರ ಇದ್ದರೆ, ಸುಮಾರು 18 ಡಿಗ್ರಿವರೆಗೂ ಅಡ್ಡಿ ಇಲ್ಲ. ಸ್ಟೂಲಿನ ತೂಕವನ್ನ ಲೆಕ್ಕಕ್ಕೆ ಹಿಡಿದರೆ ಒಂದೆರಡು ಡಿಗ್ರಿ ಹೆಚ್ಚು ಸಿಗಬಹುದು. ಆದರೆ ಕುಡಿಯಲಿಕ್ಕೆ ಅಂತಲೇ ಮಾಡಿದ ಸ್ಟೂಲು ಎಲ್ಲದಕ್ಕಿಂತ ಜಲ್ದಿ ಬೀಳುವಂಥದ್ದು ಅನ್ನೋದು ನಮಗೆ ಫಸ್ಟ್ ಇಯರ್ ಸ್ಟ್ಯಾಟಿಕ್ಸ್ ಓದಿದ್ದಕ್ಕೆ ಸಿಕ್ಕ ಮೊದಲ ಉಪಯೋಗ.

ಹಾಗಾಗಿ 36 ಇಂಚಿನ ಕಟ್ಟೆ, 25 ಇಂಚಿನ ಸೀಟು, ನಾಲ್ಕು ಕಾಲು, ಕೆಳಗೆ ಕಾಲು ಅಗಲಕ್ಕೆ ಚಾಚಿಕೊಂಡಿರಬೇಕು, ಸೀಟಿನಿಂದ 17 ಇಂಚು ಕೆಳಗೆ ಕಾಲಿಡಲಿಕ್ಕೆ ಒಂದು ಪಟ್ಟಿ. ಬೆನ್ನು ಬೇಕೋ ಬೇಡವೋ ಅನ್ನೋದಕ್ಕೆ ಒಂದು ಸಂಜೆ ಜಗಳ ಆಯಿತು. "ಬೆನ್ನು ಇಡಬ್ಯಾಡ್ರಿ, ಜಲ್ದಿ ಏಳ್ತಾರ" ಅಂತ ವೈನಿ. ಬೆನ್ನಿಲ್ಲದಿದ್ದರೆ ಹಿಂದಕ್ಕೆ ಬೀಳ್ತಾರೆ ಅಂತ ವಾಡಿ. 8 ಇಂಚಿನ ಗಿಡ್ಡ ಬೆನ್ನಿಗೆ ಇಬ್ಬರೂ ಒಪ್ಪಿದರು.

ಸೀಟಿಗೆ ಶೋರೂಮಿನಲ್ಲಿ ಇರೋದೆಲ್ಲ ರೆಕ್ಸಿನ್. 42 ಡಿಗ್ರಿ ಬಿಸಿಲಿನ ಊರಲ್ಲಿ ರೆಕ್ಸಿನ್ ಮೇಲೆ ಅರ್ಧ ಗಂಟೆ ಕುಂತು ಎದ್ದವರಿಗೆ ಅದರ ಸುಖ ಗೊತ್ತು. ನಾವು ಮಂಚಕ್ಕೆ ಹೆಣೆಯುವ ನವಾರ ಪಟ್ಟಿಯನ್ನೇ ಸೀಟಿಗೆ ಹೆಣೆಸಿದೆವು. ಗಾಳಿ ಆಡುತ್ತದೆ, ಹೊಲಸಾದರೆ ಬಿಚ್ಚಿ ತೊಳೀಬಹುದು, ಸಡಿಲಾದರೆ ಬಿಗೀಬಹುದು. ವಾಡಿಯ ಒಂದು ವೆಲ್ಡಿಂಗ್ ಅಂಗಡಿಯಲ್ಲಿ ಚೌಕಪೈಪಿನಿಂದ ಸ್ಟೂಲು ಮಾಡಿಸಿದ್ದು. ಶೋರೂಮಿನ ಒಂದು ಸ್ಟೂಲಿನ ರೊಕ್ಕದಲ್ಲಿ ಇಲ್ಲಿ ಮೂರು ಆದವು.

ಮೂರೇ ಯಾಕೆ? ಅಣ್ಣ ಆರು ಕೇಳಿದ್ದ. ಆರು ಸ್ಟೂಲಿಗೆ 12 ಫೂಟಿನ ಕಟ್ಟೆ ಬೇಕು, ಕೋಣೆ ಇರೋದೇ 10 ಫೂಟು, ಓಡಾಡಲಿಕ್ಕೆ ಜಾಗ ಬಿಟ್ಟರೆ ಕಟ್ಟೆಗೆ 6 ಫೂಟು. ಅಂದರೆ ಮೂರು ಸ್ಟೂಲು. "ಹಂಗಾದ್ರ ಮೂರಕ್ಕಿಂತ ಹೆಚ್ಚು ಮಂದಿ ಬರಂಗಿಲ್ಲ?" ಅಂತ ಅವ್ವ ಬಾಗಿಲಲ್ಲಿ ನಿಂತು ಕೇಳಿದಳು. ಈ ಬಾರಿನ ಬಗ್ಗೆ ಅವ್ವ ತಾನಾಗಿ ಕೇಳಿದ ಮೊದಲ ಮಾತು ಅದು.

ಮನೆ ಮುಂದಿನ ಕಲ್ಲು

ಕಟ್ಟೆಯ ಮೇಲ್ಗಡೆಗೆ ಅಣ್ಣನ ಮನಸ್ಸು ಇಟಾಲಿಯನ್ ಮಾರ್ಬಲ್ ಮೇಲಿತ್ತು. ಶಹಾಬಾದಿನವನಿಗೆ ಅದು ಮರ್ಯಾದೆ ಪ್ರಶ್ನೆ ಆಯಿತು. "ಇಟಲಿಯಿಂದ ಸುಣ್ಣದಕಲ್ಲು ತರಸ್ತೀಯೇನ್ ಅಣ್ಣಾ? ಸೇಡಂ ಮನ್ಯಾಗ ಕುಂತು?"

ಅವನ ಮಾತಿನಲ್ಲಿ ತಿರುಳಿತ್ತು. ಮಾರ್ಬಲ್ ಅಂದರೆ ಭೂಮಿಯೊಳಗೆ ಬಿಸಿಗೂ ಒತ್ತಡಕ್ಕೂ ಸಿಕ್ಕು ಮಾರ್ಪಟ್ಟ ಸುಣ್ಣದಕಲ್ಲು. ನಮ್ಮ ಫರಸಿ, ಹೊರಗಿನವರು ಶಹಾಬಾದ್ ಕಲ್ಲು ಅನ್ನುವುದು, ಮಾರ್ಪಡದೆ ಪದರ ಪದರವಾಗಿ ಉಳಿದ ಸುಣ್ಣದಕಲ್ಲು. ಭೂವಿಜ್ಞಾನದ ಪುಸ್ತಕ ತೆರೆದರೆ ಭೀಮಾ ಬೇಸಿನ್ ಅನ್ನುವ ಅಧ್ಯಾಯದಲ್ಲಿ 'ಸೇಡಂ ಸಬ್‌ಗ್ರೂಪ್', 'ಶಹಾಬಾದ್ ಫಾರ್ಮೇಶನ್' ಅಂತ ನಮ್ಮ ಊರುಗಳ ಹೆಸರೇ ಇವೆ. ಬಸ್‌ಸ್ಟ್ಯಾಂಡಿನ ಬೋರ್ಡ್ ಬಿಟ್ಟರೆ ನಮ್ಮ ಊರಿನ ಹೆಸರನ್ನು ನಾವು ಅಚ್ಚಿನಲ್ಲಿ ನೋಡಿ ಖುಷಿಪಟ್ಟದ್ದು ಅಲ್ಲೇ. ಮರಾಠಿಯಲ್ಲಂತೂ 'ಶಹಾಬಾದಿ ಫರಶಿ' ಅನ್ನೋದು ಊರಿನ ನೆನಪೇ ಇಲ್ಲದ ಸಾಮಾನ್ಯ ಶಬ್ದ. ಪುಣೆಯ ಹಳೇ ವಾಡೆಗಳ ಅಂಗಳದಲ್ಲಿ ಹಾಸಿರೋದು ಅದೇ. ವಾಡಿಯಿಂದ ಸಿಕಂದರಾಬಾದಿಗೆ ನಿಜಾಮರ ರೈಲು 1874ರಲ್ಲಿ ಶುರುವಾಯಿತು. ಮುಂಬೈ ಕಡೆಯ ಹಳಿ ಅದಕ್ಕಿಂತ ಮೊದಲೇ ಬಂದಿತ್ತು. ಇಷ್ಟು ಭಾರದ ಕಲ್ಲು ದೂರದ ಊರುಗಳಿಗೆ ಹೋಗಲಿಕ್ಕೆ ರೈಲು ಬೇಕೇ ಬೇಕು.

ಇದೇ ಸುಣ್ಣದಕಲ್ಲನ್ನು ಪುಡಿ ಮಾಡಿ ಕಿಲ್ನ್‌ನಲ್ಲಿ ಸುಮಾರು 1450 ಡಿಗ್ರಿಗೆ ಸುಟ್ಟರೆ ವಾಡಿ, ಸೇಡಂ, ಮಳಖೇಡದ ಕಾರ್ಖಾನೆಗಳ ಸಿಮೆಂಟ್ ಆಗುತ್ತದೆ. ಅಣ್ಣನ ಲಾರಿ ಹೊರುವುದು ಅದನ್ನೇ. ಅಣ್ಣನ ಮನೆಯ ಅನ್ನ ಈ ಕಲ್ಲಿನದು ಅಂದರೆ ಸುಳ್ಳಲ್ಲ.

ಚಿತ್ತಾಪುರ ಈ ಜಗಳಕ್ಕೆ ತನ್ನ ತಾಲೂಕಿನ ಸನ್ನತಿಯನ್ನ ತಂದ. ಭೀಮಾ ನದಿ ದಂಡೆಯ ಸನ್ನತಿ ಹತ್ತಿರದ ಕನಗನಹಳ್ಳಿ ಸ್ತೂಪದ ಶಿಲ್ಪಗಳೆಲ್ಲ ಸುಣ್ಣದಕಲ್ಲಿನ ಹಲಗೆಗಳ ಮೇಲೆ ಕೆತ್ತಿದವು. ಅಶೋಕನ ಮೂರ್ತಿ, ಅದರ ಪಕ್ಕದಲ್ಲೇ ಅವನ ಹೆಸರು ಬ್ರಾಹ್ಮಿಯಲ್ಲಿ ಇರುವ ಹಲಗೆ ಅಲ್ಲಿಯದೇ. ಸನ್ನತಿಯ ಚಂದ್ರಲಾಂಬಾ ಗುಡಿಯ ಆವರಣದಲ್ಲಿ 1980ರ ದಶಕದಲ್ಲಿ ಕಾಳಿ ಗುಡಿಯ ಮಾಳಿಗೆ ಕುಸಿದು ಬಿದ್ದಾಗ, ಮೂರ್ತಿಯ ಕೆಳಗೆ ಪೀಠವಾಗಿ ಇಟ್ಟಿದ್ದ ಕಲ್ಲೇ ಅಶೋಕನ ಶಾಸನ ಅಂತ ಗೊತ್ತಾಯಿತು. "ಎರಡು ಸಾವಿರ ವರ್ಷ ಬಾಳಿಕಿ ಬಂದ ಕಲ್ಲದ. ನಿನ್ನ ಬಾರಿಗಿ ಸಾಲಂಗಿಲ್ಲೇನ್?" ಅಂತ ಚಿತ್ತಾಪುರ ಕೇಳಿದ. ಅಣ್ಣ ನಕ್ಕ. "ಶಾಸನದ ಮ್ಯಾಲ ಯಾರೂ ನಿಂಬಿಹಣ್ಣು ಹಿಂಡಿಲ್ಲಲೇ" ಅಂದ.

ಅಣ್ಣ ತಮಾಷೆಗೆ ಅಂದಿದ್ದು ನಿಜವಾದ ಪ್ರಶ್ನೆ. ಫರಸಿಯ ಮುಖ್ಯ ಖನಿಜ ಕ್ಯಾಲ್ಸೈಟ್. ಆಮ್ಲ ಬಿದ್ದರೆ ಅದು ಕರಗಿ ಕಾರ್ಬನ್ ಡೈಆಕ್ಸೈಡ್ ಬಿಡುತ್ತದೆ, ಹೊಳಪು ಹೋಗಿ ಮಸುಕು ಕಲೆ ಉಳಿಯುತ್ತದೆ. ಬಾರ್ ಕಟ್ಟೆಯ ಮೇಲೆ ಬೀಳುವುದೆಲ್ಲ ಹೆಚ್ಚುಕಡಿಮೆ ಆಮ್ಲವೇ: ನಿಂಬೆ, ಕೋಲಾ, ವೈನ್. ಜೊತೆಗೆ ಕ್ಯಾಲ್ಸೈಟಿನ ಗಡಸುತನ ಮೋಹ್ಸ್ ಅಳತೆಯಲ್ಲಿ 3, ಗ್ರಾನೈಟಿನಲ್ಲಿರುವ ಕ್ವಾರ್ಟ್ಜ್ 7. ಚಾಕು ಎಳೆದರೆ ಗೀರು ಬೀಳುತ್ತದೆ.

ಶಹಾಬಾದ್ ಎರಡು ತುಂಡು ತಂದ. ಒಂದು ಕನ್ನಡಿ ಹಾಗೆ ಪಾಲಿಶ್ ಮಾಡಿದ್ದು, ಇನ್ನೊಂದು ನುಣುಪು ಮಾಡಿ ಹೊಳಪು ಕೊಡದೆ ಬಿಟ್ಟದ್ದು. ಎರಡರ ಮೇಲೂ ಸಾಲಾಗಿ ನಿಂಬೆರಸ, ಕೋಲಾ, ವಿಸ್ಕಿ (ಅಣ್ಣನದು), ಅರಿಷಿಣದ ನೀರು, ಎಣ್ಣೆ ಒಂದೊಂದು ಚಮಚ ಹಾಕಿ ರಾತ್ರಿ ಬಿಟ್ಟೆವು. ಮುಂಜಾನೆ ನೋಡಿದರೆ ಪಾಲಿಶ್ ತುಂಡಿನ ಮೇಲೆ ನಿಂಬೆ ಮತ್ತು ಕೋಲಾದ ಕಲೆ ದೂರದಿಂದಲೇ ಕಾಣುತ್ತಿತ್ತು. ಹೊಳಪಿಲ್ಲದ ತುಂಡಿನಲ್ಲಿ ಬೆಳಕಿಗೆ ಹಿಡಿದು ಹುಡುಕಬೇಕಾಯಿತು. ವಿಸ್ಕಿಯ ಗುರುತು ಎರಡರಲ್ಲೂ ಇಲ್ಲ. ಎಣ್ಣೆ, ಅರಿಷಿಣ ಎರಡರಲ್ಲೂ ಒಳಗೆ ಇಳಿದಿತ್ತು. ಮುತ್ಯಾ ಬಂದು ವಿಸ್ಕಿ ಹಾಕಿದ ಜಾಗ ಮೂಸಿ ನೋಡಿ, "ಕಲ್ಲಿಗೂ ಕುಡಿಸಿದ್ರಲೇ" ಅಂದು ಹೋದ.

ಈ ಪ್ರಯೋಗದಿಂದ ನಾವು ಮಾಡಿದ ತೀರ್ಮಾನ: ಫರಸಿ ಹಾಕುವುದಾದರೆ ಕನ್ನಡಿ ಪಾಲಿಶ್ ಬೇಡ, ನುಣುಪು ಸಾಕು. ಎಣ್ಣೆಯ ಕಲೆಗೆ ಸೀಲರ್ ಹಚ್ಚಬಹುದು. ಆದರೆ ಒಳಗಿಳಿಯುವ ಸೀಲರ್ ಕಲೆಯನ್ನ ತಡೆಯುತ್ತದೆ, ಆಮ್ಲವನ್ನ ತಡೆಯೋದಿಲ್ಲ. ಅಂಗಡಿಯವರು ಎರಡಕ್ಕೂ ಆಗುತ್ತದೆ ಅಂದರೆ ನಂಬಬೇಡಿ. ನಿಂಬೆ ಕೊಯ್ಯಲಿಕ್ಕೆ ಬೇರೆ ಹಲಗೆ ಇಡಿ. ಇದೆಲ್ಲ ರಗಳೆ ಬೇಡ ಅನ್ನುವವರಿಗೆ ಗ್ರಾನೈಟೇ ಸರಿ, ಅದಕ್ಕೆ ನಾಚಿಕೆ ಬೇಕಿಲ್ಲ. ಅಣ್ಣ ಎರಡು ದಿನ ಯೋಚನೆ ಮಾಡಿ ಫರಸಿ ಅಂದ.

ಕಲ್ಲು ಆರಿಸಲಿಕ್ಕೆ ಶಹಾಬಾದ್ ಹತ್ತಿರದ ಒಂದು ಖಣಿಗೆ ಹೋದೆವು. ಮೇಲಿನ ಮಣ್ಣು ತೆಗೆದರೆ ಕೆಳಗೆ ಕಲ್ಲು ಪುಸ್ತಕ ಅಡ್ಡ ಇಟ್ಟಂಗೆ ಪದರ ಪದರ. ಕೆಲಸದವರು ಉಳಿ ಇಟ್ಟು ಸುತ್ತಿಗೆಯಿಂದ ಸಣ್ಣಗೆ ಬಡಿಯುತ್ತ ಹೋಗುತ್ತಾರೆ, ಆಮೇಲೆ ಹಾರಿ ಹಾಕಿ ಎಬ್ಬಿಸಿದರೆ ಇಡೀ ಹಾಳೆ ಏಳುತ್ತದೆ. ಕಲ್ಲಿನ ದಪ್ಪ ಎಷ್ಟಿರಬೇಕು ಅನ್ನೋದನ್ನ ಪದರವೇ ತೀರ್ಮಾನಿಸುತ್ತದೆ. ನಮ್ಮ ಡ್ರಾಯಿಂಗಿನ ಒಂದೂವರೆ ಇಂಚಿಗೆ ಹೊಂದುವ ಪದರ ಹುಡುಕಲಿಕ್ಕೆ ಅರ್ಧ ದಿನ ಹೋಯಿತು. ಅಲ್ಲಿದ್ದ ಒಬ್ಬ ಕಾಕಾ ಕಲ್ಲಿನ ಮೇಲೆ ಒಂದು ರೂಪಾಯಿ ನಾಣ್ಯದಿಂದ ಬಡಿದು ತೋರಿಸಿದ. ಠಣ್ ಅಂದರೆ ಗಟ್ಟಿ, ಡಬ್ ಅಂದರೆ ಒಳಗೆ ಕೂದಲೆಳೆಯ ಬಿರುಕು. ಬಿಸಿಲಲ್ಲಿ ನಮಗೆ ಹತ್ತು ನಿಮಿಷ ನಿಲ್ಲಲಿಕ್ಕೆ ಆಗಲಿಲ್ಲ. ಅವರು ಮೂಗಿಗೆ ಬಟ್ಟೆ ಕಟ್ಟಿಕೊಂಡು ಮುಂಜಾನೆಯಿಂದ ಇದ್ದರು. ಲೈಟು ಹಾಕಿದ ಕಟ್ಟೆಯ ಚಿತ್ರದಲ್ಲಿ ಈ ಜನರೂ ಇರೋದಿಲ್ಲ.

ತೂಕದ ಲೆಕ್ಕ ಹೀಗೆ: 6 ಫೂಟು ಉದ್ದ, 2 ಫೂಟು ಅಗಲ, ಒಂದೂವರೆ ಇಂಚು ದಪ್ಪ. ಘನಮೀಟರಿಗೆ ಸುಮಾರು 2,650 ಕಿಲೋ ಹಿಡಿದರೆ 112 ಕಿಲೋ. ಒಂದೇ ಹಲಗೆ ಆದರೆ ಮೆಟ್ಟಿಲ ಪಕ್ಕದ ಕೋಣೆಗೆ ಒಯ್ಯುವಾಗ ಮುರಿಯುವ ಭಯ. ಹಾಗಾಗಿ 3 ಫೂಟಿನ ಎರಡು ತುಂಡು, ಒಂದೊಂದು 56 ಕಿಲೋ, ಇಬ್ಬರು ಹೊರಬಹುದು. ಜೋಡಣೆ ಸರಿಯಾಗಿ ಕಬ್ಬಿಣದ ಕಾಲಿನ ಮೇಲೆ ಬರಬೇಕು. ಕಲ್ಲು ಒತ್ತಡ ತಡೆಯುತ್ತದೆ, ಎಳೆತ ತಡೆಯೋದಿಲ್ಲ. ಸರಳಿಲ್ಲದ ಕಾಂಕ್ರೀಟಿನ ಹಾಗೆ. ಮೊಣಕಾಲಿಗೆ ಜಾಗ ಬೇಕು ಅಂತ ಮುಂದೆ 10 ಇಂಚು ಹೊರಗೆ ಚಾಚಿದ್ದರಿಂದ ಕೆಳಗೆ ಕಬ್ಬಿಣದ ಬ್ರ್ಯಾಕೆಟ್ ಕೊಟ್ಟು, ಫ್ರೇಮನ್ನ ನೆಲಕ್ಕೆ ಬೋಲ್ಟ್ ಮಾಡಿದೆವು. ಯಾರಾದರೂ ಮೊಣಕೈ ಊರಿ ಜೋತುಬಿದ್ದರೂ ಕಟ್ಟೆ ಏಳಬಾರದು.

ಕಪಾಟಿನ ಬಾಗಿಲು

ಕಟ್ಟಿಗೆ ಚಿಂಚೋಳಿಯ ವಿಷಯ. ಕಾಡು ಇರೋದು ಅವಳ ತಾಲೂಕಿನಲ್ಲೇ, ಸಾಗವಾನಿ ಅಲ್ಲಿಂದ ತರಿಸೋಣ ಅಂತ ಅಣ್ಣ ಅಂದಿದ್ದಕ್ಕೆ ಅವಳಿಗೆ ಸಿಟ್ಟು ಬಂತು. ಚಿಂಚೋಳಿಯ ಕಾಡು 2011ರಿಂದ ವನ್ಯಜೀವಿ ಧಾಮ. "ಉಳಿದಿದ್ದೇ ಅಷ್ಟು ಹಸುರು ಅದ ಅಣ್ಣಾ. ಅದನ್ನ ನಿನ್ನ ಬಾಟ್ಲಿ ಹಿಂದ ನಿಲ್ಲಸ್ಬ್ಯಾಡ." ಅವಳೇ ದಾರಿ ತೋರಿಸಿದಳು. ಚಿಂಚೋಳಿಯಲ್ಲಿ ಅವಳ ಸೋದರಮಾವನ ಹಳೇ ಮಾಳಿಗೆ ಮನೆ ಕೆಡವುತ್ತಿದ್ದರು. ಅದರ ಬೇವಿನ ತೊಲೆ, ಸಾಗವಾನಿ ಚೌಕಟ್ಟು ಅಂಗಳದಲ್ಲಿ ಬಿದ್ದಿದ್ದವು. ಹತ್ತಾರು ವರ್ಷ ಒಣಗಿದ ಕಟ್ಟಿಗೆ ನಮ್ಮ ಬೇಸಗೆಗೆ ಇನ್ನು ಕುಗ್ಗೋದಿಲ್ಲ, ಬಾಗೋದಿಲ್ಲ. ಹೊಸ ಹಸಿ ಕಟ್ಟಿಗೆ ಆದರೆ ಏಪ್ರಿಲ್ ಬಂದರೆ ಬಾಗಿಲಿನ ಸಂದಿಯಲ್ಲಿ ಬೆರಳು ಹೋಗುತ್ತದೆ. ಒಂದೇ ತ್ರಾಸು, ಹಳೇ ಮೊಳೆ. ಬಡಗಿ ಕಾಕಾ ಪ್ರತಿ ಹಲಗೆಯ ಮೇಲೆ ಅಯಸ್ಕಾಂತ ಆಡಿಸಿ ಮೊಳೆ ಹುಡುಕಿ ಕಿತ್ತ ಮೇಲೆಯೇ ಕೀಸಲಿಕ್ಕೆ ತೊಗೊಂಡ.

ಕಪಾಟಿಗೆ ಗಾಜಿನ ಬಾಗಿಲೋ, ಮರದ ಬಾಗಿಲೋ? ಬಾಟಲಿ ಕಾಣಬೇಕು ಅನ್ನೋದೇ ಬಾರಿನ ಶೋಭೆ ಅಂತ ಅಣ್ಣ. ಮನೆಯಲ್ಲಿ ಎರಡು ಸಣ್ಣ ಹುಡುಗರಿದ್ದಾರೆ, ದೊಡ್ಡದಕ್ಕೆ ಏಳು ವರ್ಷ. ದಿನಾ ಕಾಣುವ ವಸ್ತು ದಿನಾ ನೆನಪಾಗುತ್ತದೆ. ಅದು ಹುಡುಗರಿಗೂ ಹೌದು, ದೊಡ್ಡವರಿಗೂ ಹೌದು. ಈ ಮಾತು ಹೇಳಿದ್ದು ವೈನಿ. ಅಣ್ಣ ಸ್ವಲ್ಪ ಹೊತ್ತು ಸುಮ್ಮನಿದ್ದು, "ಮರದ್ದೇ ಹಾಕ್ರಿ" ಅಂದ. ಗ್ಲಾಸಿನ ಕಪಾಟಿಗೆ ಗಾಜು, ಬಾಟಲಿಯ ಕಪಾಟಿಗೆ ಮರ ಮತ್ತು ಕೀಲಿ. ಕೀಲಿಕೈ ವೈನಿ ಹತ್ತಿರ. ಮನೆಯಲ್ಲಿ ಎಷ್ಟು ಇಟ್ಟುಕೊಳ್ಳಬಹುದು ಅನ್ನೋದಕ್ಕೆ ಅಬಕಾರಿ ಇಲಾಖೆಯ ಮಿತಿಯೂ ಇದೆ. ಕಪಾಟನ್ನ ಸಣ್ಣದು ಮಾಡಿದರೆ ಆ ಚಿಂತೆಯೂ ಇಲ್ಲ. ಕಟ್ಟೆಯ ಒಳಬದಿಗೆ ಸಣ್ಣ ಸಿಂಕು ಹಾಕಿದೆವು. ಗ್ಲಾಸು ಯಾರು ತೊಳೀತಾರೆ ಅನ್ನೋದಕ್ಕೆ ಉತ್ತರ: ಕುಡಿದವರು.

ಅವ್ವ ಆರಿಸಿದ್ದು

ಎಲ್ಲ ಸಾಮಾನು ಬಂದು ಕೂತ ದಿನ ಅವ್ವ ಮೊದಲ ಸಲ ಕೋಣೆ ಒಳಗೆ ಬಂದಳು. ಫರಸಿಯ ಮೇಲೆ ಅಂಗೈ ಇಟ್ಟಳು. ಹೊರಗೆ ಬಿಸಿಲು ಸುಡುತ್ತಿತ್ತು, ಕಲ್ಲು ತಣ್ಣಗಿತ್ತು. "ಎತ್ತರ ಅಡಗಿಮನಿ ಕಟ್ಟಿಯಷ್ಟೇ ಅದ" ಅಂದಳು. ಹೌದು, 36 ಇಂಚು ಅದೇ ಅಳತೆ. ಆಮೇಲೆ ಕೋಣೆಯನ್ನ ಒಂದು ಸುತ್ತು ನೋಡಿ, "ಎರಡು ಸಾಮಾನು ಬಿಟ್ಟೀರಿ" ಅಂದಳು.

ಒಂದು, ಬಾಗಿಲ ಪಕ್ಕ ಗೋಡೆಗೆ ಗೂಟ. ಒಳಗೆ ಬರುವವರು ಗಾಡಿಯ ಕೀಲಿಕೈಯನ್ನ ಅದಕ್ಕೆ ನೇತುಹಾಕಿ ಆಮೇಲೆ ಕೂಡಬೇಕು. ಮುಂಜಾನೆ ಚಹಾ ಕುಡಿದ ಮೇಲೆ ಅವ್ವನೇ ತೆಗೆದುಕೊಡುತ್ತಾಳೆ. ಎರಡು, ಗೋಡೆ ಬದಿಗೆ ಒಂದು ನವಾರದ ಮಂಚ, ಮೇಲೆ ಹಾಸಿಗೆ, ಹೊದಿಕೆ. ಹಾಲಿನಲ್ಲಿ ಇನ್ನೆರಡು ಹಾಸಿಗೆ. "ಬಂದವರು ಇಲ್ಲೇ ಮಲಗ್ಲಿ. ರಾತ್ರಿ ಯಾರೂ ಹೊಸ್ತಿಲ ದಾಟಬಾರದು. ಇದಕ್ಕ ಒಪ್ಪಿದ್ರ ನಿನ್ನ ಬಾರ್ ಇರ್ಲಿ."

ನಾವು ಎತ್ತರ ಅಳೆದೆವು, ಕೋನ ಲೆಕ್ಕ ಹಾಕಿದೆವು, ನಿಂಬೆರಸ ಸುರಿದು ನೋಡಿದೆವು. ಆ ಕೋಣೆಗೆ ನಿಜವಾಗಿ ಬೇಕಾಗಿದ್ದ ಎರಡು ಸಾಮಾನನ್ನ ಅವ್ವ ನಿಂತ ನಿಲುವಿನಲ್ಲೇ ಹೇಳಿದಳು. ಆ ನಾಲ್ಕು ಕಿಲೋಮೀಟರಿನ ಲೆಕ್ಕ ಆರು ವರ್ಷದಿಂದ ಅವಳ ತಲೆಯಲ್ಲೇ ಇತ್ತು.

ಬಡಗಿ ಕಾಕಾ ಉಳಿದ ಬೇವಿನ ತುಂಡಿನಲ್ಲಿ ಐದು ಗೂಟ ಕೆತ್ತಿಕೊಟ್ಟ. ಇಂಗ್ಲಿಷಿನಲ್ಲಿ ಗೂಟಕ್ಕೂ ಪೆಗ್ ಅಂತಾರೆ ಅನ್ನೋದನ್ನ ಚಿತ್ತಾಪುರ ಕಂಡುಹಿಡಿದ. ಅಣ್ಣ ಈಗ ಬಂದವರಿಗೆಲ್ಲ ಅದನ್ನೇ ಹೇಳುತ್ತಾನೆ: "ಮೊದಲು ಗೂಟ, ಆಮ್ಯಾಲ ಪೆಗ್." ಮಂಚ ಸೇರಿ ಒಟ್ಟು ಖರ್ಚು 57,000 ಚಿಲ್ಲರೆ.

ಇಲ್ಲಿಯವರೆಗೆ ಆ ಕೋಣೆಯಲ್ಲಿ ಅಣ್ಣನ ಗೆಳೆಯರು ಐದು ಸಲ ಕೂಡಿದ್ದಾರೆ. ಒಂದು ಸಲ ಒಬ್ಬಾತ ರಾತ್ರಿ 11ಕ್ಕೆ ಮನೆಗೆ ಹೋಗಲೇಬೇಕು ಅಂತ ಹಟ ಹಿಡಿದ. ಅವ್ವ ಗೂಟದ ಕೆಳಗೆ ಕುರ್ಚಿ ಹಾಕಿಕೊಂಡು ಕುಂತಳಂತೆ. ಆತ ಮಂಚದ ಮೇಲೆ ಮಲಗಿದ. ಉಳಿದ ದಿನಗಳಲ್ಲಿ ಹುಡುಗರು ಆ ಕಟ್ಟೆಯ ಮೇಲೆ ಹೋಮ್‌ವರ್ಕ್ ಬರೀತಾರೆ, ವೈನಿ ಸಂಡಿಗೆಯ ತಾಟು ಇಡುತ್ತಾಳೆ, ಮುತ್ಯಾ ತಂಪು ಅಂತ ಮಧ್ಯಾಹ್ನ ಮಂಚದ ಮೇಲೆ ಮಲಗುತ್ತಾನೆ. ಅವ್ವ ಇನ್ನೂ ಆ ಸ್ಟೂಲಿನ ಮೇಲೆ ಕೂತಿಲ್ಲ. ಕೂತುಕೋ ಅಂತ ನಾವೂ ಹೇಳಿಲ್ಲ.

ಮನೆಗೆ ಬಾರ್ ಬೇಕು ಅಂತ ನಿಮ್ಮ ಅಣ್ಣನೋ ಕಾಕಾನೋ ಹೇಳಿದರೆ ಟೇಪ್ ಹಿಡಿಯುವ ಮೊದಲು ನಾಲ್ಕು ಪ್ರಶ್ನೆ ಕೇಳಿ: ಎಷ್ಟು ಜನ ಕೂಡ್ತಾರೆ, ಕೀಲಿಕೈ ಯಾರ ಹತ್ತಿರ ಇರುತ್ತದೆ, ಗ್ಲಾಸು ಯಾರು ತೊಳೀತಾರೆ, ರಾತ್ರಿ ಎಲ್ಲಿ ಮಲಗ್ತಾರೆ. ಇವಕ್ಕೆ ಉತ್ತರ ಸಿಕ್ಕರೆ ಅಳತೆ ತಾನಾಗಿ ಬರುತ್ತದೆ. ಕಲ್ಲು ಬೇಕಾದರೆ ಶಹಾಬಾದ್‌ನವನನ್ನ ಕೇಳಿ, ಲೈಬ್ರರಿ ಹಿಂದಿನ ಕಟ್ಟೆ ಮೇಲೆ ಸಿಗ್ತಾನೆ. ನಾಣ್ಯ ನೀವೇ ತರಬೇಕು.